ಗಬ್ಬದ ಎಮ್ಮೆಗೆ ಬೇರೆ ದಾರಿ

"ಬುದ್ಧಿ, ಸೇವೆ ಎಂದು ದುಡಿಯುವವರ ಮೇಲೂ ಕಾವಲು ಬೇಕೇ?"

ಕೇಳಿದವನು ಮುರಿಗೆಯ್ಯ. ಮಠದ ಗೋಶಾಲೆಯನ್ನು ನೋಡಿಕೊಳ್ಳುವ ಶಿಷ್ಯ. ಗೋಶಾಲೆಯ ಹಿತ್ತಿಲ ಬಾಗಿಲಿನ ಬೀಗದಕೈ ಅವನ ಸೊಂಟದಲ್ಲಿತ್ತು. ಆ ಬಾಗಿಲಿನ ಹೊರಗೆ ಸರ್ಕಾರದ ಅಧಿಕಾರಿಯೊಬ್ಬರು ಬೆಳಗಿನಿಂದ ನಿಂತಿದ್ದರು. ಗೋಶಾಲೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು, ಪರೀಕ್ಷೆಗೆ ಒಂದು ಬಾಟಲಿ ನೀರು ತುಂಬಿಕೊಳ್ಳಬೇಕು ಎಂದು ಅವರು ಹೇಳಿದ್ದರು. ಮುರಿಗೆಯ್ಯ ಬಾಗಿಲು ತೆಗೆದಿರಲಿಲ್ಲ. ಕೌಲೆ ಎಂಬ ಗಬ್ಬದ ಹಸುವಿನ ಮೈ ಉಜ್ಜುತ್ತಿದ್ದವನು ಕೈಯನ್ನೂ ತೊಳೆಯದೆ ಗುರುಗಳ ಹತ್ತಿರ ಬಂದಿದ್ದ.

"ಬಂದವರಿಗೆ ಕುಡಿಯಲು ಏನಾದರೂ ಕೊಟ್ಟೆಯಾ?" ಎಂದು ಗುರುಗಳು ಕೇಳಿದರು.

"ಮಜ್ಜಿಗೆ ಕಳಿಸಿದ್ದೇನೆ ಬುದ್ಧಿ."

"ಗೋಡೆಯ ಮೇಲಿಂದಲೋ?"

ಮುರಿಗೆಯ್ಯ ತಲೆ ತಗ್ಗಿಸಿದ. ಗುರುಗಳು ಕೂತುಕೋ ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಹಳ್ಳದ ದಂಡೆಯಲ್ಲಿ ಒಬ್ಬ ಹೆಂಗಸು ಎಮ್ಮೆ ಸಾಕಿಕೊಂಡಿದ್ದಳು. ಅವಳಿಗೆ ಯಾರ ಆಸ್ತಿಯೂ ಬಂದಿರಲಿಲ್ಲ. ಕುಂಟು ಎಂದು ಯಾರೋ ಬಿಟ್ಟುಹೋದ ಎಮ್ಮೆಗರುವೊಂದನ್ನು ಹೆಗಲ ಮೇಲೆ ಹೊತ್ತು ತಂದು, ಬದುವಿನ ಹುಲ್ಲು ಕೊಯ್ದು ಹಾಕಿ ಬೆಳೆಸಿದಳು. ಅದನ್ನು ಕುಂಟಿ ಎಂದೇ ಕರೆದಳು. ಕುಂಟಿಯ ಹೊಟ್ಟೆಯಿಂದ ಒಂದು ಹಟ್ಟಿಯೇ ಬೆಳೆಯಿತು. ಸುತ್ತಲಿನ ಊರುಗಳ ಹಾಲೆಲ್ಲ ಅವಳ ಅಂಗಳಕ್ಕೆ ಬಂದು ಸೇರತೊಡಗಿತು. ಯಾರು ತಂದ ಹಾಲನ್ನೂ ಅವಳು ಸುಮ್ಮನೆ ಸುರಿಸಿಕೊಳ್ಳುತ್ತಿರಲಿಲ್ಲ. ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು, ಜಾರುತ್ತದೋ ನಿಲ್ಲುತ್ತದೋ ನೋಡಿ ನೀರು ಬೆರೆಸಿದ್ದನ್ನು ಹಿಡಿಯುತ್ತಿದ್ದಳು. ಒಡಹುಟ್ಟಿದ ತಂಗಿಯ ಹಾಲಿಗೂ ಅದೇ ಪರೀಕ್ಷೆ.

ಅವಳ ಕೊಟ್ಟಿಗೆಯ ನೆಲದ ಮೇಲೆ ಸಗಣಿ ಒಂದು ಗಳಿಗೆಯೂ ಇರುತ್ತಿರಲಿಲ್ಲ. ಬಿದ್ದ ಕೂಡಲೇ ಆಳುಗಳು ಬಾವಿಯ ನೀರನ್ನು ಕೊಡಗಟ್ಟಲೆ ಸುರಿದು ತೊಳೆಯಬೇಕು. ತೊಳೆದ ನೀರು ಹಿಂದಿನ ಹೊಂಡಕ್ಕೆ ಇಳಿಯುತ್ತಿತ್ತು. ಹೊಂಡ ತುಂಬಿದಾಗ ತೂಬು ಎತ್ತುತ್ತಿದ್ದರು. ಎಲ್ಲವೂ ಹಳ್ಳಕ್ಕೆ ಹೋಗುತ್ತಿತ್ತು. ಹಳ್ಳ ಅದನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಅವಳು ಕೇಳಿದವಳಲ್ಲ.

ಆ ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತು. ಎಮ್ಮೆಗಳನ್ನು ಮೇಯಲು ಬಿಡುವಾಗ ಬೇರೆಯವನ್ನು ಹೊಂಡದ ದಂಡೆಯ ಮೇಲೆ ಹೊಡೆದುಕೊಂಡು ಹೋಗಬಹುದು. ಗಬ್ಬದ ಎಮ್ಮೆಗಳನ್ನು ಮಾತ್ರ ಬೇಲಿಯಾಚೆಯ ಸುತ್ತುದಾರಿಯಲ್ಲೇ ಕರೆದೊಯ್ಯಬೇಕು. ಹಿಂದೊಮ್ಮೆ ಗಬ್ಬದ ಎಮ್ಮೆಯೊಂದು ಹೊಂಡಕ್ಕೆ ಬಾಯಿ ಹಾಕಿ ಕಂದು ಹಾಕಿತ್ತು, ಹೊಟ್ಟೆಯ ಕರು ಉಳಿದಿರಲಿಲ್ಲ. ಅಂದು ಅವಳೇ ಮಾಡಿದ ಕಟ್ಟಳೆ ಅದು. ವರ್ಷಗಳು ಕಳೆದವು. ಕಾರಣವನ್ನು ಎಲ್ಲರೂ ಮರೆತರು, ಅವಳೂ ಮರೆತಳು. ದಾರಿ ಮಾತ್ರ ಉಳಿಯಿತು.

ಹಳ್ಳದ ಕೆಳಗೆ ಆಡು ಸಾಕುವವರ ಒಂದು ಕೇರಿ ಇತ್ತು. ಅವರು ಹಳ್ಳದ ಮರಳಿನಲ್ಲಿ ವರತೆ ತೋಡಿ ಕುಡಿಯುವ ನೀರು ತೆಗೆಯುತ್ತಿದ್ದರು. ಆಡುಗಳು ಹಳ್ಳಕ್ಕೇ ಬಾಯಿ ಹಾಕುತ್ತಿದ್ದವು. ಮಕ್ಕಳಿಗೆ ಹೊಟ್ಟೆ ಕೆಡುತ್ತಿತ್ತು. ಆಡುಗಳಿಗೆ ಗಬ್ಬ ನಿಲ್ಲುತ್ತಿರಲಿಲ್ಲ. ಅವರು ಮೊದಲು ದೇವರಿಗೆ ಹೇಳಿಕೊಂಡರು, ಆಮೇಲೆ ಸರ್ಕಾರಕ್ಕೆ ಹೇಳಿಕೊಂಡರು.

ಆ ರಾಜ್ಯದಲ್ಲಿ ಆಗಷ್ಟೇ ಹೊಸ ನಿಯಮವೊಂದು ಬಂದಿತ್ತು. ಹೆಚ್ಚು ದನ ಸಾಕುವವರು ಕೊಟ್ಟಿಗೆ ತೊಳೆದ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಡಬಾರದು. ಹೊಂಡದಲ್ಲಿ ನಿಲ್ಲಿಸಬೇಕು. ತಿಳಿಯಾದ ಮೇಲೆ ಅಧಿಕಾರಿ ಬಂದು ನೋಡಿ ಒಪ್ಪಿದರೆ ಬಿಡಬೇಕು. ಅದರಂತೆ ಒಬ್ಬ ಅಧಿಕಾರಿ ಹಟ್ಟಿಗೆ ಬಂದ.

ಹೆಂಗಸು ಅವನನ್ನು ಹೊಂಡದ ಕಡೆಗೆ ಬಿಡಲಿಲ್ಲ. ಮೊದಲು ಕೊಟ್ಟಿಗೆಗೆ ಕರೆದೊಯ್ದಳು. ಇಲ್ಲಿ ಎಲೆ ಹಾಕಿ ಉಣ್ಣಬಹುದು, ಬೇಕಾದರೆ ಕೂತು ನೋಡಿ ಎಂದಳು. ಅವನು ನೆಲ ನೋಡಿದ. ನಿಜಕ್ಕೂ ಉಣ್ಣಬಹುದಾಗಿತ್ತು. ಹಾಗೆಂದು ಒಪ್ಪಿಕೊಂಡು, ಇಷ್ಟು ಚೆನ್ನಾಗಿ ತೊಳೆದದ್ದು ಎಲ್ಲಿಗೆ ಹೋಯಿತು ತಾಯಿ ಎಂದು ಕೇಳಿದ.

ಅವಳಿಗೆ ಸಿಟ್ಟು ಬಂತು. ಆದರೂ ಹೊಂಡ ತೋರಿಸಿದಳು. ಅವನು ಹೊಂಡದ ನೀರನ್ನು ಒಂದು ಮಡಕೆಗೆ ತುಂಬಿ, ಕೆರೆಯಿಂದ ತಂದಿದ್ದ ಮೀನುಮರಿಗಳನ್ನು ಅದರಲ್ಲಿ ಬಿಟ್ಟು, ಹೊಂಗೆಯ ನೆರಳಿನಲ್ಲಿ ಕೂತ. ಅವನ ಪರೀಕ್ಷೆಯೇ ಅದು. ನೆರಳು ಸರಿಯುವ ಮೊದಲೇ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಅವನು ಎದ್ದು ತೂಬನ್ನು ಮುಚ್ಚಿಸಿದ. ಅದರ ಮೇಲೆ ಅರಗಿನ ಮುದ್ರೆ ಒತ್ತಿದ. ಈ ನೀರಿನಲ್ಲಿ ಮೀನು ಬದುಕುವವರೆಗೆ ಮುದ್ರೆ ತೆಗೆಯುವಂತಿಲ್ಲ ಎಂದ.

"ನಾನು ಮೀನು ಸಾಕುವವಳಲ್ಲ," ಎಂದಳು ಹೆಂಗಸು. "ಎಮ್ಮೆ ಸಾಕುವವಳು."

ಅವನು ಮಡಕೆ ಎತ್ತಿಕೊಂಡು ಹೋದ.

ತೂಬು ಮುಚ್ಚಿತು. ತೊಳೆಯುವುದು ನಿಲ್ಲಲಿಲ್ಲ. ನೀರು ಕಡಿಮೆ ಸುರಿಯೋಣ, ಸಗಣಿಯನ್ನು ಮೊದಲು ಕೈಯಲ್ಲಿ ಬಾಚಿ ತೆಗೆಯೋಣ ಎಂದು ಆಳೊಬ್ಬ ಹೇಳಿ ನೋಡಿದ. ನನ್ನ ನೆಲ ಕಂಡವರು ಮೂಗು ಮುಚ್ಚಿಕೊಳ್ಳುವ ಹಾಗೆ ಮಾಡಬೇಕೇನೋ ಎಂದು ಅವಳು ಗದರಿದಳು. ಹೊಂಡ ಏರಿತು. ಮುಂಗಾರಿನ ಮೋಡ ದಿನದಿನಕ್ಕೂ ಕೆಳಗೆ ಇಳಿಯತೊಡಗಿತು. ಕೊಟ್ಟಿಗೆಯ ತಗ್ಗಿನ ಕಡೆ ಕರುಗಳನ್ನು ಕಟ್ಟಿದ್ದರು. ಒಂದು ದೊಡ್ಡ ಮಳೆ ಬಂದರೆ ಹೊಂಡ ಹಿಂದಕ್ಕೆ ಹೊರಳಿ ಮೊದಲು ಕರುಗಳ ಕಾಲಿಗೆ ಬರುತ್ತದೆ. ಅದು ಅವಳಿಗೆ ಗೊತ್ತಿತ್ತು. ಹಟ್ಟಿಯ ಅರ್ಧ ಎಮ್ಮೆಗಳನ್ನು ಮಾರಬೇಕು, ಇಲ್ಲವೇ ತೂಬು ತೆಗೆಸಬೇಕು. ಕುಂಟಿಯ ಸಂತಾನದ ಒಂದು ಬಾಲವನ್ನೂ ಮಾರುವುದಿಲ್ಲ ಎಂದು ಅವಳು ಹಟ ಹಿಡಿದಳು. ಅಧಿಕಾರಿಗೆ ಹೇಳಿಕಳಿಸಿದಳು.

ಅವನು ಮತ್ತೆ ಬಂದ. ಅವನ ಹಿಂದೆ ಕೆಳಗಿನ ಕೇರಿಯವರೂ ಬಂದರು. ತೂಬು ತೆಗೆಯುತ್ತಾರೆ ಎಂಬ ಸುದ್ದಿ ಅವರಿಗೂ ಮುಟ್ಟಿತ್ತು. ಅವನು ಮಡಕೆ ತುಂಬಿದ. ಮೀನು ಬಿಟ್ಟ. ಈ ಸಲ ಮೀನುಗಳು ಇನ್ನೂ ಬೇಗ ಸತ್ತವು.

ಹೆಂಗಸು ಜನರ ಮುಂದೆ ಬಂದು ನಿಂತಳು. ಕೆರೆಯ ಮೀನು ಕೆರೆ ಬಿಟ್ಟರೆ ಎಲ್ಲಿಯಾದರೂ ಸಾಯುತ್ತದೆ, ಅದೊಂದು ಪರೀಕ್ಷೆಯೇ ಎಂದಳು. ಈ ನೀರಿನಲ್ಲಿ ಕೆಟ್ಟದ್ದೇನೂ ಇಲ್ಲ, ನನ್ನ ಎಮ್ಮೆಗೇ ಕುಡಿಸುತ್ತೇನೆ, ಕುಡಿದರೆ ಮುದ್ರೆ ಒಡೆಯಬೇಕು ಎಂದಳು. ಅಧಿಕಾರಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಕೇರಿಯವರ ನಡುವಿನಿಂದ ಆಡು ಕಾಯುವ ಮುದುಕಿಯೊಬ್ಬಳು ಬಾಯಿ ಬಿಟ್ಟಳು.

"ಯಾವ ಎಮ್ಮೆಗವ್ವಾ? ಗೊಡ್ಡು ಎಮ್ಮೆಗೋ? ಕಂದು ಹಾಕಿದ್ದು ನಮ್ಮ ಗಬ್ಬದ ಆಡು. ನೀನೂ ಗಬ್ಬದ್ದನ್ನೇ ತರಿಸು, ನೋಡೋಣ."

ಯಾರೋ ನಕ್ಕರು. ಆ ನಗು ಹೆಂಗಸಿನ ಕಿವಿಗೆ ಕಾದ ಎಣ್ಣೆಯ ಹಾಗೆ ಬಿತ್ತು. ಹೆಂಗಸು ಹಿಂದಕ್ಕೆ ತಿರುಗಿ, ಕುಂಟಿಯ ಮೊಮ್ಮಗಳನ್ನು ಬಿಚ್ಚಿಕೊಂಡು ಬಾ ಎಂದು ಆಳಿಗೆ ಹೇಳಿದಳು. ಅದು ಚೊಚ್ಚಲ ಗಬ್ಬದ ಎಮ್ಮೆ. ಹಟ್ಟಿಯಲ್ಲಿ ಅವಳ ಕಣ್ಣು ಮೊದಲು ಹೋಗುತ್ತಿದ್ದುದೇ ಅದರ ಕಡೆಗೆ.

ಆಳು ಎಮ್ಮೆಯನ್ನು ಬಿಚ್ಚಿದ. ಕೊಟ್ಟಿಗೆಯಿಂದ ಹೊಂಡಕ್ಕೆ ನೆಟ್ಟಗೆ ಬಂದರೆ ಹತ್ತಿರ. ಆದರೆ ಅವನ ಕಾಲು ರೂಢಿಯಂತೆ ಬೇಲಿಯಾಚೆಯ ಸುತ್ತುದಾರಿಗೆ ತಿರುಗಿತು. ಎಮ್ಮೆಯೂ ಅತ್ತಲೇ ತಿರುಗಿತು.

"ಎಲ್ಲಿಗೆ ಹೊರಟೆ? ನೆಟ್ಟಗೆ ಬಾ," ಎಂದಳು ಹೆಂಗಸು.

ಆಳು ನಿಂತ. "ಗಬ್ಬದ್ದಲ್ಲವಾ ಅವ್ವಾ ಇದು," ಎಂದ.

ಅವನು ಬೇರೇನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ದಿನಾ ಕೇಳಿದ ಕಟ್ಟಳೆಯನ್ನು ತಿರುಗಿ ಹೇಳಿದ, ಅಷ್ಟೇ. ಆದರೆ ಆ ಮಾತು ಎಲ್ಲರಿಗೂ ಕೇಳಿಸಿತು. ಹೆಂಗಸಿಗೂ ಕೇಳಿಸಿತು. ಅವಳ ಮುಖ ಒಮ್ಮೆ ಬಿಳಿಚಿತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ನೆಟ್ಟಗೆ ಬಾ ಎಂದು ಇನ್ನೊಮ್ಮೆ ಹೇಳಿದಳು. ಈ ಸಲ ದನಿ ಸಣ್ಣದಾಗಿತ್ತು.

ಎಮ್ಮೆ ನೆಟ್ಟಗೆ ಬಂತು. ಕಲಗಚ್ಚಿನ ಬಾನಿಯನ್ನು ತರಿಸಿ ಅವಳೇ ಹೊಂಡದ ನೀರು ತುಂಬಿದಳು. ಎಮ್ಮೆಯ ಮುಂದೆ ಇಟ್ಟು, ಒಂದು ಕೈಯಲ್ಲಿ ಬಾನಿಯ ಅಂಚು ಹಿಡಿದು ಕೂತಳು. ಎಮ್ಮೆ ಮೂಸಿತು. ಬುಸ್ಸೆಂದು ಉಸಿರುಬಿಟ್ಟು ಮೂತಿ ಹಿಂದಕ್ಕೆ ತೆಗೆಯಿತು. ಆಮೇಲೆ ಅವಳ ಮುಖ ನೋಡಿತು.

ಅಧಿಕಾರಿ, ಸಾಕು ತಾಯಿ ಎಂದ.

ಅವಳು ನಿಲ್ಲಿಸಲಿಲ್ಲ. ನಾಲಿಗೆಯಿಂದ ಲೊಚಗುಟ್ಟಿದಳು. ಕರುವಾಗಿದ್ದಾಗ ಅದಕ್ಕೆ ಗಂಜಿ ಕುಡಿಸಲು ಅವಳು ಮಾಡುತ್ತಿದ್ದ ಸದ್ದು ಅದು. ಆ ಸದ್ದು ಮಾಡಿದವಳ ಕೈಯಿಂದ ಕೆಟ್ಟದ್ದು ಬಂದದ್ದನ್ನು ಎಮ್ಮೆ ಕಂಡಿರಲಿಲ್ಲ. ಅದು ಮತ್ತೆ ತಲೆ ತಗ್ಗಿಸಿತು. ಈ ಸಲ ಮೂಸಲಿಲ್ಲ. ತುಟಿ ನೀರಿಗೆ ತಾಗಿತು.

ಬಾನಿ ಉರುಳಿತು.

ಉರುಳಿಸಿದ್ದು ಅವಳ ಕೈ. ಅವಳು ಯೋಚನೆ ಮಾಡಿ ಉರುಳಿಸಿದ್ದಲ್ಲ. ನೀರೆಲ್ಲ ನೆಲಕ್ಕೆ ಹೋಯಿತು, ಅವಳ ಸೀರೆ ತೊಯ್ದಿತು. ಅವಳು ಎಮ್ಮೆಯ ತಲೆಯನ್ನು ಎದೆಗೆ ಒತ್ತಿಕೊಂಡು, ತೊಯ್ಯದೆ ಉಳಿದ ಸೆರಗಿನ ತುದಿಯಿಂದ ಅದರ ತುಟಿ ಒರೆಸಿದಳು. ಒಂದು ಸಲ ಒರೆಸಿ ಬಿಡಲಿಲ್ಲ. ಒರೆಸುತ್ತಲೇ ಇದ್ದಳು. ಬಾಯೊಳಗೆ ಬೆರಳು ಹಾಕಿ ನಾಲಿಗೆಯನ್ನೂ ಒರೆಸಿದಳು. ಜನ ನೋಡುತ್ತಿದ್ದಾರೆ ಎಂಬುದು ಅವಳಿಗೆ ನೆನಪಿರಲಿಲ್ಲ.

ಯಾರೂ ಅವಳನ್ನು ಆಡಿಕೊಳ್ಳಲಿಲ್ಲ. ಆಡು ಕಾಯುವ ಮುದುಕಿ ಮುಂದೆ ಬಂದು, ಉರುಳಿದ ಬಾನಿಯನ್ನು ಎತ್ತಿ ನಿಲ್ಲಿಸಿ, ತನ್ನ ಜಾಗಕ್ಕೆ ಹೋದಳು.

ಆಗ ಅಧಿಕಾರಿ ಹೇಳಿದ:

"ಇದರ ಬಾಯಿ ಕಾಯಲು ನೀವಿದ್ದೀರಿ ತಾಯಿ. ಕೆಳಗಿನವರ ಬಾಯಿ ಕಾಯಲು ನನ್ನನ್ನು ಕಳಿಸಿದ್ದಾರೆ."

ಮುದ್ರೆ ಒಡೆಯದೆ ಅವನು ಹೊರಟುಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಹೊರಗೆ ಅಧಿಕಾರಿ ಕೆಮ್ಮಿದ್ದು ಗೋಡೆ ದಾಟಿ ಕೇಳಿಸಿತು.

ಮಳೆ ಬಂತೇ ಎಂದು ಮುರಿಗೆಯ್ಯ ಕೇಳಿದ.

ಬಂತು ಎಂದರು ಗುರುಗಳು. ಹೊಂಡ ಹಿಂದಕ್ಕೆ ಹೊರಳಿತು. ಎಲೆ ಹಾಕಿ ಉಣ್ಣಬಹುದಾಗಿದ್ದ ನೆಲದ ಮೇಲೆ ಮೊಣಕಾಲುದ್ದ ಸಗಣಿ ನೀರು ನಿಂತಿತು. ಕರುಗಳು ಅರಚಿದವು. ಆಳು ಹಾರೆ ತಂದ. ಒಂದು ಏಟಿಗೆ ಮುದ್ರೆ ಒಡೆಯುತ್ತದೆ, ಈ ಮಳೆಯಲ್ಲಿ ನೋಡುವವರು ಯಾರಿದ್ದಾರೆ ಎಂದ. ಹೆಂಗಸು ಅವನ ಕೈಯಿಂದ ಹಾರೆ ಕಿತ್ತುಕೊಂಡು ತೂಬಿನ ಹತ್ತಿರ ಹೋದಳು. ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತೂಬು ಬಿಟ್ಟು ಪಕ್ಕಕ್ಕೆ ನಡೆದು ತನ್ನ ಮೇವಿನ ಹೊಲದ ಬದು ಒಡೆದಳು. ನೀರು ಹೊಲಕ್ಕೆ ನುಗ್ಗಿತು. ಆ ವರ್ಷದ ಮೇವಿನ ಜೋಳ ನಿಂತಲ್ಲೇ ಕೊಳೆಯಿತು. ಕರುಗಳು ಉಳಿದವು. ಹಳ್ಳಕ್ಕೆ ಏನೂ ಇಳಿಯಲಿಲ್ಲ. ಮಳೆ ನಿಂತ ಮೇಲೆ ಅವಳು ಸಗಣಿಯನ್ನು ಬುಟ್ಟಿಯಲ್ಲಿ ಬಾಚಿ ತಿಪ್ಪೆಗೆ ಹಾಕಿಸಿ, ಉಳಿದದ್ದಕ್ಕೆ ಮಾತ್ರ ನೀರು ಹಾಕಿಸತೊಡಗಿದಳು. ನೆಲ ಮೊದಲಿನ ಹಾಗೆ ಹೊಳೆಯಲಿಲ್ಲ. ಹೊಂಡ ತಿಳಿಯಾಗಲು ಬಹಳ ಕಾಲ ಹಿಡಿಯಿತು. ಮಡಕೆಯಲ್ಲಿ ಮೀನು ಬದುಕಿದ ದಿನ ಅಧಿಕಾರಿಯೇ ಮುದ್ರೆ ತೆಗೆದ.

ಮುರಿಗೆಯ್ಯನಿಗೆ ಸಮಾಧಾನವಾಯಿತು. ಕತೆ ತನ್ನ ಬಾಗಿಲು ದಾಟಿ ಬೇರೆ ಕಡೆ ಹೋಯಿತು ಎಂದುಕೊಂಡ.

"ಅವಳದು ಹಾಲಿನ ವ್ಯಾಪಾರ ಬುದ್ಧಿ," ಎಂದ. "ನಮ್ಮದು ಸೇವೆ. ನಮ್ಮ ಗೋಶಾಲೆಗೆ ಯಾರು ಬೇಕಾದರೂ ಬಂದು ನೋಡಲಿ. ನೆಲದ ಮೇಲೆ ಎಲೆ ಹಾಕಿ ಉಣ್ಣಬಹುದು."

ಹೇಳಿ ಮುಗಿಸುವ ಹೊತ್ತಿಗೆ ತಾನು ಯಾರ ಮಾತು ಆಡಿದೆ ಎಂದು ಅವನಿಗೇ ತಿಳಿಯಿತು. ಗುರುಗಳು ಅವನ ಮುಖವನ್ನೇ ನೋಡುತ್ತಿದ್ದರು.

"ಹಾಗಾದರೆ ನಮ್ಮ ಮೋರಿಯ ನೀರು ಒಂದು ಬಾನಿ ತುಂಬಿಕೊಂಡು ಬಾ," ಎಂದರು, "ಕೌಲೆಗೆ ಕುಡಿಸಿ ಆಮೇಲೆ ಬೀಗದ ಮಾತಾಡೋಣ."

ಮುರಿಗೆಯ್ಯ ಎದ್ದು, ಸೊಂಟದ ಬೀಗದಕೈ ಬಿಚ್ಚಿಕೊಂಡು ಹಿತ್ತಿಲ ಬಾಗಿಲಿನ ಕಡೆಗೆ ನಡೆದ.