ನೀರ್ಗಲ್ಲು ಚಿಟ್ ಅನ್ನೋದು ಯಾಕೆ

ಕಡಲಿಗೆ ಇನ್ನೂ ಸರಿಯಾಗಿ ಉಪ್ಪು ಹಿಡಿದಿರಲಿಲ್ಲ, ಬೆಟ್ಟಗಳಿಗೆ ತಾವು ಕೂತ ಜಾಗ ಇನ್ನೂ ಒಗ್ಗಿರಲಿಲ್ಲ. ಅಷ್ಟು ಹೊಸ ಕಾಲದ ಮಾತು ಮಗಾ ಇದು.

ಬಡಗಣ ತುದಿಯಲ್ಲಿ, ಎರಡು ಬೆಟ್ಟಗಳ ನಡುವೆ, ನೀರ್ಗಲ್ಲವ್ವ ಮಲಗಿದ್ದಳು. ತಲೆ ಮೋಡದಲ್ಲಿ, ಕಾಲು ಕಡಲಲ್ಲಿ. ನೀರೇ ಕಲ್ಲಾದ ಹಾಗೆ ಮೈಯೆಲ್ಲ ಮಂಜುಗಡ್ಡೆ. ಆಕಾಶದಿಂದ ಉದುರಿದ ಹಿಮದ ಕೂಸುಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡು ಅಪ್ಪಿಕೊಳ್ಳುತ್ತಿದ್ದಳು. ಎಷ್ಟು ಬಿಗಿಯಾಗಿ ಅಂತೀಯ? ಬೆಳ್ಳಗಿದ್ದ ಕೂಸುಗಳು ನೀಲಿಯಾಗಿ ಹೋಗುವಷ್ಟು!

ಯಾರನ್ನೂ ಬಿಡುತ್ತಿರಲಿಲ್ಲ ಅವಳು. ಅದಕ್ಕೊಂದು ಸಂಕಟವಿತ್ತು. ಹಿಂದೊಮ್ಮೆ ಅವಳ ಹಿರಿಮಗಳು, ಅಂಚಿನಲ್ಲಿದ್ದ ದೊಡ್ಡ ಗಡ್ಡೆ, "ಅವ್ವಾ, ಕಡಲು ನೋಡಬೇಕು, ಹೋಗ್ತೀನಿ" ಅಂದು ಜಾರಿಕೊಂಡಿದ್ದಳು. ಹೋದಳು, ಹೋದಳು, ಹೋಗಿಯೇಬಿಟ್ಟಳು. ತಿರುಗಿ ಬರಲಿಲ್ಲ.

ಒಂದು ಬೇಸಿಗೆಯಲ್ಲಿ ಸೀಲಮ್ಮ ಈಜುತ್ತಾ ಬಂದಳು. ಸೀಲು ಅಂದರೆ ಮೀನಿನ ಹಾಗೆ ನುಣುಪು ಮೈ, ನಾಯಿಮರಿಯ ಹಾಗೆ ಮೂತಿ, ಮೇಲೆ ಮೀಸೆ ಬೇರೆ. ಪಾಪ, ತುಂಬಿದ ಬಸುರಿ.

"ನೀರ್ಗಲ್ಲವ್ವಾ, ದಡಕ್ಕೆ ಹತ್ತಿದರೆ ತೋಳ ಕಾದು ಕೂತಿದೆ. ನೀರಲ್ಲೇ ಹೆತ್ತರೆ ತಿಮಿಂಗಿಲ ನುಂಗತ್ತೆ. ಒಂದು ಚಾಪೆಯಗಲ ಗಡ್ಡೆ ಕೊಡು ತಾಯಿ. ಅದರ ಮೇಲೆ ಹೆತ್ತು, ಬಾಣಂತನ ಮುಗಿಸ್ಕೋತೀನಿ."

"ಆಗಲ್ಲ. ಹೋದವರು ಬರಲ್ಲ."

"ನಿನ್ನ ಮಡಿಲಲ್ಲಿ ಅಷ್ಟೊಂದಿದಾವಲ್ಲ ಅವ್ವಾ!"

"ನಿನಗೆ ಹತ್ತು ಮರಿ ಇದ್ದಿದ್ರೆ ಒಂದನ್ನ ತೋಳಕ್ಕೆ ಕೊಡ್ತಿದ್ಯಾ?"

ಅಷ್ಟರಲ್ಲಿ ಸೀಲಮ್ಮನಿಗೆ ಹೆರಿಗೆನೋವು ಶುರುವಾಯಿತು. ಅತ್ತ ತಿಮಿಂಗಿಲದ ಕರಿ ರೆಕ್ಕೆ ನೀರ ಮೇಲೆದ್ದಿತು.

ಊರೂರು ಸುತ್ತುವ ಗಾಳಿಮಾವ ಅಲ್ಲೇ ಹಾದುಹೋಗುತ್ತಿದ್ದ. "ತಂಗೀ, ನಿನ್ನ ಹಿರಿಮಗಳು ಹೊರಡುವಾಗ ಏನಂದಳು?" ಅಂತ ಕೇಳಿದ.

"ಇನ್ನೇನು? 'ಹೋಗ್ತೀನಿ' ಅಂದಳು."

ಗಾಳಿಮಾವ ಹಣೆ ಹಣೆ ಚಚ್ಚಿಕೊಂಡ. ಅವನ ಹಣೆ ಎಲ್ಲಿತ್ತೋ ನಾ ಕಾಣೆ. "ಅಯ್ಯೋ ಪೆದ್ದಿ! ಮಕ್ಕಳಿಗೆ ಅಷ್ಟೂ ಕಲಿಸಲಿಲ್ವಾ? ಹೊರಡೋರು ಯಾರಾದ್ರೂ ಹಂಗಂತಾರಾ? 'ಹೋಗ್ತೀನಿ' ಅಂದ್ರೆ ದಾರಿ ಅದನ್ನೇ ನಂಬಿಬಿಡ್ತದೆ. ಕದ ಮುಚ್ಕೊಂಡು ಮಲಗ್ತದೆ. 'ಬರ್ತೀನಿ' ಅನ್ನಬೇಕು ಕಣವ್ವಾ! ಆಗ ದಾರಿ ದೀಪ ಹಚ್ಕೊಂಡು ಕಾಯ್ತದೆ."

ಅಂಚಿನಲ್ಲಿದ್ದ ಕಿರಿಮಗಳು ಇದನ್ನೆಲ್ಲ ಕೇಳಿಸಿಕೊಂಡಳು. "ಅವ್ವಾ," ಅಂದಳು, "ಸೀಲಮ್ಮನ ಹೆರಿಗೆ ಮುಗಿಸಿ ಬರ್ತೀನಿ."

ನೀರ್ಗಲ್ಲವ್ವ ಮಗಳನ್ನು ನೋಡಿದಳು. ಕರಿ ರೆಕ್ಕೆ ನೋಡಿದಳು. ಸೀಲಮ್ಮನ ಕಣ್ಣು ನೋಡಿದಳು. ಅದೂ ತಾಯಿಯ ಕಣ್ಣೇ ಅಲ್ಲವಾ? ಎದೆ ಬಿರಿಯುವ ಹಾಗೆ ಕೂಗಿ, ಅಪ್ಪಿದ ತೋಳು ಸಡಿಲಿಸಿದಳು. "ಹೋಗಿ ಬಾ ಮಗಳೇ!"

ಆ ಕೂಗು ಗುಡುಗಾಗಿ ಬೆಟ್ಟ ಬೆಟ್ಟಕ್ಕೆ ಬಡಿಯಿತು. ಗಡ್ಡೆ ಕಡಲಿಗೆ ದುಡುಮ್ಮನೆ ಬಿತ್ತು. ಎದ್ದ ಅಲೆಗೆ ತಿಮಿಂಗಿಲ ತಿರುತಿರುಗಿ ಎಲ್ಲೋ ಹೋಯಿತು. ಸೀಲಮ್ಮ ಗಡ್ಡೆ ಮೇಲೆ ತೆವಳಿ ಹತ್ತಿದಳು, ಬೆಳಕು ಹರಿಯುವಾಗ ಹೆತ್ತಳು. ಮೀಸೆ ಇಟ್ಟುಕೊಂಡೇ ಹುಟ್ಟಿದ ಮರಿ!

ಮರಿ ಹಾಲು ಕುಡಿದು ಬೆಳೆಯಿತು, ಗಡ್ಡೆ ಕರಗುತ್ತಾ ಸಣ್ಣಗಾಯಿತು. ಕರಗುವಾಗ ಎಲ್ಲಿ ಮರೆತುಹೋದೀತೋ ಅಂತ ಚಿಟ್ ಚಿಟ್ ಚಿಟ್, "ಬರ್ತೀನಿ, ಬರ್ತೀನಿ, ಬರ್ತೀನಿ" ಅನ್ನುತ್ತಲೇ ಇತ್ತು. ಮರಿ ಈಜು ಕಲಿತ ದಿನ ಗಡ್ಡೆ ಇರಲೇ ಇಲ್ಲ.

ನೀರ್ಗಲ್ಲವ್ವ ದಾರಿ ನೋಡಿದಳು. ಬೇಸಿಗೆ ಕಳೆಯಿತು. "ನಿನ್ನ ಮಾತು ಕೇಳಿ ಕೆಟ್ಟೆ" ಅಂತ ಗಾಳಿಮಾವನಿಗೆ ಬೈದಳು. ಅವನೋ, ಕಡಲ ಕಡೆಗೆ ಹೊರಟುಹೋದ.

ಆಮೇಲೆ ಒಂದು ಬೆಳಗ್ಗೆ, ಮೋಡ ಕವಿದು ಚಳಿ ಕಚ್ಚುತ್ತಿರುವಾಗ, ಅವಳ ಹಣೆ ಮೇಲೆ ಏನೋ ತಣ್ಣಗೆ, ಹಗುರವಾಗಿ ಕೂತಿತು. ಹಿಮದ ಒಂದು ಹೂವು.

"ಅವ್ವಾ, ಬಂದೆ."

ಗಾಳಿಮಾವ ಏದುಸಿರು ಬಿಡುತ್ತಾ ಅಂದ: "ಕರಗಿದವಳನ್ನ ಸೂರ್ಯ ಆವಿ ಮಾಡಿ ಎತ್ತಿಕೊಟ್ಟ, ನಾನು ಮೋಡದಲ್ಲಿ ಹೊತ್ತು ತಂದೆ. ಹಿಂದೆ ಯಾರಿದ್ದಾಳೆ ನೋಡು!"

ತಂಗಿಯ ಸೆರಗು ಹಿಡಿದುಕೊಂಡು ಹಿರಿಮಗಳೂ ಇಳಿದಳು. ದಾರಿ ಕಾಣದೆ ಇಷ್ಟು ದಿನ ಮೋಡದಲ್ಲೇ ಅಲೆಯುತ್ತಿದ್ದಳಂತೆ.

ನೀರ್ಗಲ್ಲವ್ವ "ಉಸ್ಸಪ್ಪಾ" ಅಂದು ಉಸಿರು ಬಿಟ್ಟಳು. ಆ ಉಸಿರು ಇವತ್ತಿಗೂ ಆ ಕಡಲ ಮೇಲೆ ತಣ್ಣಗೆ ಬೀಸುತ್ತದೆ.

ಅಂದಿನಿಂದ ಬೇಸಿಗೆ ಬಂದರೆ ನೀರ್ಗಲ್ಲವ್ವ ಗುಡುಗಿನಂಥ ದನಿಯಲ್ಲಿ "ಹೋಗಿ ಬಾ" ಅಂತ ಮಕ್ಕಳನ್ನು ಕಡಲಿಗೆ ಕಳಿಸುತ್ತಾಳೆ. ಸೀಲುಗಳು ತೇಲುವ ಗಡ್ಡೆಗಳ ಮೇಲೆ ಮರಿ ಹಾಕುತ್ತವೆ. ನಾವೂ ಹೊಸಿಲು ದಾಟುವಾಗ "ಬರ್ತೀನಿ" ಅಂತೀವೇ ಹೊರತು ಇನ್ನೊಂದು ಮಾತಾಡಲ್ಲ.

ನೀನು ಪಾನಕದ ಲೋಟಕ್ಕೆ ಐಸಿನ ತುಂಡು ಹಾಕಿದ ಕೂಡಲೇ ಚಿಟ್ ಅಂತದಲ್ಲ ಮಗಾ, ಅದು ನಿನಗೆ ಹೇಳಿಯೇ ಹೊರಡುತ್ತಿರೋದು. ಸುಮ್ಮನೆ ಕುಡಿದುಬಿಡಬೇಡ, "ಹೋಗಿ ಬಾ" ಅನ್ನು.