ಬೋರೇಶನ ಗಿಟಾರೂ ಯಜಮಾನರ ಕಿವಿಯೂ

ಹತ್ತಿರ ಬಂದು ಕೂತ್ಕೊಳ್ಳಿ, ಬೋರೇಶನ ಕತೆ ಹೇಳ್ತೀನಿ. ನಗು ಬಂದರೆ ನಗಿ, ಬೇಡ ಅನ್ನಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಹುಡುಗ ಕೆಟ್ಟವನಲ್ಲ. ಹೇಳಿದ ಮಾತು ಮೀರದವನು. ಅದೇ ಅವನ ಕಾಯಿಲೆ.

ಮೈಸೂರಿನಲ್ಲೊಂದು ವಠಾರ. ಎದುರುಬದುರಾಗಿ ಏಳು ಮನೆ, ನಡುವೆ ಒಂದು ಅಂಗಳ, ಅಂಗಳಕ್ಕೊಂದು ನಲ್ಲಿ. ಮೂರನೇ ಮನೆಯಲ್ಲಿ ಸಾಕಮ್ಮ, ಅವಳ ಒಬ್ಬನೇ ಮಗ ಬೋರೇಶ. ಸಾಕಮ್ಮ ದಿನವಿಡೀ ಹತ್ತಿ ಹೊಸೆದು ದೇವರ ದೀಪಕ್ಕೆ ಹೂಬತ್ತಿ ಮಾಡುವವಳು. ಬೋರೇಶ ಇಪ್ಪತ್ತಾರು ವರ್ಷದ ಗಂಡಸು. "ಹಾಲು ನೋಡ್ತಾ ಇರು ಮಗ" ಅಂದರೆ ನೋಡುತ್ತಾ ಇರುತ್ತಿದ್ದ. ಹಾಲು ಉಕ್ಕಿದಾಗಲೂ ನೋಡುತ್ತಿದ್ದ, ಒಲೆ ಆರಿದಾಗಲೂ ನೋಡುತ್ತಿದ್ದ. ಅವ್ವ ಬಂದು ತಲೆ ತಲೆ ಚಚ್ಚಿಕೊಂಡರೆ, "ನೋಡ್ತಾನೇ ಇದ್ನಲ್ಲವ್ವ!" ಅನ್ನುತ್ತಿದ್ದ.

ಅಂಥವನಿಗೂ ಒಂದು ವಿದ್ಯೆ ಒಲಿದಿತ್ತು. ಅವನಪ್ಪ ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದವನು. ಸಾಯುವಾಗ ಒಂದು ಗಿಟಾರು, ಒಂದು ಹಳೇ ವಾಲ್ವ್ ಆಂಪ್ಲಿಫೈಯರು, ಮಗನಿಗೆ ಕಲಿಸಿದ ಒಂದೇ ಒಂದು ಹಾಡು, ಇಷ್ಟು ಬಿಟ್ಟು ಹೋಗಿದ್ದ. ಆಂಪ್ಲಿಫೈಯರು ಅಂದರೆ ದೊಡ್ಡ ಟ್ರಂಕಿನಷ್ಟು ಪೆಟ್ಟಿಗೆ. ಒಳಗೆ ಗಾಜಿನ ವಾಲ್ವುಗಳು, ಕರೆಂಟು ಕೊಟ್ಟರೆ ಕೆಂಪಗೆ ಕಾಯುತ್ತವೆ. ಆ ಪೆಟ್ಟಿಗೆ ಇಲ್ಲದಿದ್ದರೆ ಗಿಟಾರು ಸೊಳ್ಳೆಯಷ್ಟೂ ಸದ್ದು ಮಾಡುತ್ತಿರಲಿಲ್ಲ. ಪೆಟ್ಟಿಗೆ ಇದ್ದು ಬೋರೇಶ ಆ ಹಾಡು ನುಡಿಸಿದನೋ, ಒಂದು ಸ್ವರ ತಪ್ಪುತ್ತಿರಲಿಲ್ಲ. ಸಾಕಮ್ಮ ಬತ್ತಿ ಹೊಸೆಯುವುದು ಬಿಟ್ಟು ಕೇಳುತ್ತಾ ಕೂರುತ್ತಿದ್ದಳು. ಅಷ್ಟು ಹೊತ್ತು ಅವಳಿಗೆ ಗಂಡನೂ ಇದ್ದ, ಮಗನೂ ಜಾಣನಾಗಿದ್ದ.

ಗುಂಡಿ ಅಪ್ಪ ಇಟ್ಟಲ್ಲೇ ಇದ್ದಷ್ಟು ದಿನ ವಠಾರದಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ಒಂದು ಸಲ ಪೆಟ್ಟಿಗೆ ಕೆಟ್ಟು ಕೂತಿತು. ರೇಡಿಯೋ ರಿಪೇರಿಯ ಗೌಸ್ ಸಾಬರು ಬಿಚ್ಚಿ, ಬೆಸುಗೆ ಹಾಕಿ, ಸರಿಮಾಡಿ ಕೊಟ್ಟರು.

"ನೋಡಪ್ಪ ಬೋರೇಶ, ಇದು ಹಳೇ ಕಾಲದ ಮಾಲು. ಮೊದ್ಲು ಬಿಸಿ ಆಗ್ಬೇಕು, ಆಮೇಲೆ ನುಡಿಸ್ಬೇಕು. ಬಿಸಿ ಆಗ್ದೆ ಸದ್ದೇ ಬರಲ್ಲ. ತಿಳೀತಾ?"

"ತಿಳೀತು ಸಾಬ್ರೆ!"

ತಿಳಿಯಿತಂತೆ! ಪೆಟ್ಟಿಗೆ ಹೊತ್ತುಕೊಂಡು ನೇರ ತಾರಸಿ ಮೇಲೆ ಹೋದ. ಪಕ್ಕದ ಮನೆ ಗಿರಿಜಾಂಬ ಟೀಚರು ಹಪ್ಪಳ ಒಣಹಾಕಿದ್ದರು. ಅದರ ಪಕ್ಕದಲ್ಲೇ ಪೆಟ್ಟಿಗೆಯನ್ನೂ ಬಿಸಿಲಿಗೆ ಇಟ್ಟ. ಹಪ್ಪಳ ತಿರುವಿಹಾಕಿದ ಹಾಗೆ ಗಂಟೆಗೊಂದು ಸಲ ಪೆಟ್ಟಿಗೆಯನ್ನೂ ಮಗ್ಗುಲು ತಿರುಗಿಸಿದ. ಮೂರು ಗಂಟೆಗೆ ಕೆಳಗಿಳಿಸಿದ.

"ಅವ್ವಾ, ಬಿಸಿ ಆಯ್ತು! ಮುಟ್ಟಿದ್ರೆ ಕೈ ಸುಡ್ತದೆ!"

ಕರೆಂಟು ಕೊಟ್ಟ, ತಂತಿ ಮೀಟಿದ. ಸದ್ದಿಲ್ಲ. ವಾಲ್ಯೂಮ್ ಗುಂಡಿ ಮೂರಕ್ಕೆ ತಿರುಗಿಸಿದ. ಸದ್ದಿಲ್ಲ. ಆರಕ್ಕೆ ತಿರುಗಿಸಿದ. ಸದ್ದಿಲ್ಲ. ಹತ್ತಕ್ಕೆ ತಿರುಗಿಸಿ ತಂತಿ ಮೀಟುತ್ತಲೇ ಇದ್ದ. ಒಳಗೆ ವಾಲ್ವುಗಳು ತಮ್ಮ ಪಾಡಿಗೆ ತಾವು ನಿಧಾನಕ್ಕೆ ಕಾದವು. ಕಾದು ಕೆಂಪಾದವು ನೋಡಿ, ಆಗ ಬಂತು ಸದ್ದು! ಅಡುಗೆಮನೆಯಲ್ಲಿ ತಟ್ಟೆ ಉರುಳಿದವು. ವಠಾರದ ಯಜಮಾನರು ದೊಡ್ಡತಮ್ಮಯ್ಯನವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಕಾಫಿಯೆಲ್ಲಾ ಪಂಚೆಗೆ!

ಯಜಮಾನರು ಕೈಯಲ್ಲೊಂದು ಇದ್ದಿಲ ಚೂರು ಹಿಡಿದೇ ಬಂದರು. ಸಾಕಮ್ಮನ ಬಾಗಿಲ ಪಕ್ಕದ ಗೋಡೆಗೆ ಉದ್ದಕ್ಕೆ ಒಂದು ಗೀಟು ಎಳೆದರು.

"ಸಾಕಮ್ಮ, ಇದು ಒಂದನೇ ಗೀಟು. ಮೂರು ಬಿದ್ದ ದಿನ ಪಾತ್ರೆ ಪಡಗ ಕಟ್ಕೊಂಡು ಮನೆ ಖಾಲಿ ಮಾಡ್ಬೇಕು. ಲೋ ಬೋರೇಶ, ಕೇಳಿಲ್ಲಿ! ನಿನ್ನ ಸದ್ದು ಈ ಹೊಸಿಲು ದಾಟಿ ಈಚೆಗೆ ಬರಕೂಡದು!"

ಸಾಕಮ್ಮ ಗೀಟನ್ನೇ ನೋಡಿದಳು. ಇಪ್ಪತ್ತೆರಡು ವರ್ಷ ಇದ್ದ ಮನೆ. ಬಿಟ್ಟರೆ ಇಂಥ ಮಗನನ್ನೂ ಇಂಥ ಪೆಟ್ಟಿಗೆಯನ್ನೂ ಬೇರೆ ಯಾರು ಒಳಗೆ ಬಿಟ್ಟುಕೊಂಡಾರು?

"ಯಾಕೋ ಮಂಕೆ ಹಿಂಗ್ ಮಾಡ್ದೆ?"

ಬೋರೇಶ ತಲೆ ಕೆರೆದುಕೊಂಡ. "ಬಿಸಿ ಮಾಡು ಅಂದ್ರು, ಮಾಡ್ದೆ. ಹೇಳಿದ್ದೇ ಮಾಡಿದ್ನಲ್ಲವ್ವ!"

ಮಾರನೇ ದಿನ ಹೊಸಿಲ ಮೇಲೆ ಕೂತು ಬಹಳ ಹೊತ್ತು ಯೋಚನೆ ಮಾಡಿದ. ಸದ್ದು ಹುಟ್ಟುವುದು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಒಳಗಿದ್ದರೆ ಸದ್ದು ಹೊಸಿಲು ದಾಟಲೇಬೇಕು. ಪೆಟ್ಟಿಗೆ ಹೊರಗಿದ್ದರೆ? ದಾಟುವ ಕೆಲಸವೇ ಇಲ್ಲ!

ಪೆಟ್ಟಿಗೆ ಎತ್ತಿ ಅಂಗಳದ ಒಗೆಯುವ ಕಲ್ಲಿನ ಮೇಲೆ ಇಟ್ಟ. ವೈರು ಎಳೆದುಕೊಂಡು ಒಳಗೆ ಬಂದು ಕೂತ. ಈ ಸಲ ಬುದ್ಧಿವಂತನಾಗಿ ಅದು ಕಾಯುವವರೆಗೂ ಕಾದ. ಆಮೇಲೆ ಹೊಸಿಲನ್ನೇ ಕಣ್ಣಿಟ್ಟು ನೋಡುತ್ತಾ ನುಡಿಸಿದ. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದವರು ಕೊಡ ಎಸೆದು ಓಡಿದರು. ಗೋಡೆಯ ಮೇಲಿದ್ದ ಬೆಕ್ಕು ಎರಡು ದಿನ ವಠಾರದ ಕಡೆ ತಲೆ ಹಾಕಲಿಲ್ಲ.

ಯಜಮಾನರು ಬಂದು ಎರಡನೇ ಗೀಟು ಎಳೆದರು.

"ಹೊಸಿಲು ದಾಟ್ಬಾರ್ದು ಅಂದಿದ್ನಲ್ಲೋ!"

"ದಾಟ್ಲಿಲ್ಲ ಯಜಮಾನ್ರೆ! ನಾನು ನೋಡ್ತಾನೇ ಇದ್ದೆ. ಒಂದು ಸದ್ದೂ ದಾಟ್ಲಿಲ್ಲ!"

ಯಜಮಾನರು ಹೊಸಿಲು ನೋಡಿದರು, ಕಲ್ಲು ನೋಡಿದರು, ಮತ್ತೆ ಹೊಸಿಲು ನೋಡಿದರು. ಇವನು ಹೇಳುವುದರಲ್ಲಿ ತಪ್ಪೆಲ್ಲಿದೆ ಅಂತ ಅವರಿಗೂ ತಕ್ಷಣ ಹೊಳೆಯಲಿಲ್ಲ. ಇದ್ದಿಲು ಕಿವಿಗೆ ಸಿಕ್ಕಿಸಿಕೊಂಡು, ತಮ್ಮಷ್ಟಕ್ಕೆ ತಾವೇ ಏನೋ ಗೊಣಗಿಕೊಂಡು ಹೋದರು.

ಸಾಕಮ್ಮ ಮಗನ ಗಲ್ಲ ಹಿಡಿದು ಹೇಳಿದಳು. "ಕೇಳು ಮಗ. ಪೆಟ್ಟಿಗೆ ಮನೆ ಒಳಗೇ ಇರ್ಲಿ. ಟೀಚರಮ್ಮ ಮಲಗಿದ್ದಾಗ ನುಡಿಸ್ಬೇಡ. ಎಚ್ಚರ ಇದ್ದಾರಾ ಅಂತ ತಿಳ್ಕೊಂಡು ಆಮೇಲೆ ನುಡಿಸು. ಆಯ್ತಾ?"

"ಆಯ್ತವ್ವ!"

ಭಾನುವಾರ ಮಧ್ಯಾಹ್ನ. ವಾರವೆಲ್ಲಾ ಮಕ್ಕಳ ಜೊತೆ ಕೂಗಿ ಗಂಟಲು ಕಟ್ಟಿದ್ದ ಗಿರಿಜಾಂಬ ಟೀಚರು ಊಟ ಮಾಡಿ ಅಡ್ಡಾಗಿದ್ದರು. ಬಾಗಿಲು ದಬದಬ ಅಂತು.

"ಟೀಚರಮ್ಮಾ! ಮಲಗಿದ್ದೀರಾ?"

"ಹೂಂ ಕಣಪ್ಪ, ಮಲಗಿದ್ದೆ. ಏನು?"

"ಹಂಗಾದ್ರೆ ನುಡಿಸಲ್ಲ. ಮಲ್ಕೊಳ್ಳಿ, ಮಲ್ಕೊಳ್ಳಿ!"

ಟೀಚರು ಮಗ್ಗುಲಾದರು. ಕಣ್ಣು ಹತ್ತಿತು. ದಬದಬ!

"ಟೀಚರಮ್ಮಾ! ಈಗ್ಲೂ ಮಲಗಿದ್ದೀರಾ?"

"ಅಯ್ಯೋ, ಈಗ ತಾನೇ ಕಣ್ಣು ಮುಚ್ಚಿದ್ದೆನಲ್ಲೋ!"

"ಸರಿ ಸರಿ, ಮಲ್ಕೊಳ್ಳಿ. ಆಮೇಲ್ ಬಂದು ಕೇಳ್ತೀನಿ!"

ಹೀಗೆ ಒಂಬತ್ತು ಸಲ. ಒಂಬತ್ತನೇ ಸಲ ಟೀಚರು ಯಜಮಾನರ ಮುಂದೆ ನಿಂತು ಅತ್ತೇಬಿಟ್ಟರು. ಯಜಮಾನರು ಇದ್ದಿಲು ತಗೊಂಡು ಬಂದರು. ಗೋಡೆಯ ಮುಂದೆ ನಿಂತರು. ಆದರೆ ಪೆಟ್ಟಿಗೆ ಈ ಸಲ ಸದ್ದೇ ಮಾಡಿಲ್ಲವಲ್ಲ! ಸದ್ದು ಮಾಡದ್ದಕ್ಕೆ ಗೀಟು ಎಳೆಯುವುದು ಹೇಗೆ? ಎಳೆಯದೆ ಬಿಡುವುದು ಹೇಗೆ? ಯೋಚಿಸಿ ಯೋಚಿಸಿ ಅರ್ಧ ಗೀಟು ಎಳೆದರು.

"ಇನ್ನರ್ಧ ಬಾಕಿ ಐತೆ ಸಾಕಮ್ಮ. ಅದೂ ಬಿದ್ರೆ ನೀವು ಹೊರಗೆ!"

ಬೋರೇಶ ತಲೆ ಕೆರೆದುಕೊಂಡ. "ಕೇಳಿ ನುಡಿಸು ಅಂದೆ, ಕೇಳ್ದೆ. ಹೇಳಿದ್ದೇ ಮಾಡಿದ್ನಲ್ಲವ್ವ!"

ಆವತ್ತು ಸಾಕಮ್ಮನಿಗೆ ಅನ್ನ ಸೇರಲಿಲ್ಲ. ಪೆಟ್ಟಿಗೆ ತೆಗೆದು ಅಟ್ಟಕ್ಕೆ ಹಾಕಿದರೆ ಮನೆ ಉಳಿಯುತ್ತದೆ. ಆದರೆ ಅದರ ಜೊತೆ ಗಂಡನ ಹಾಡೂ ಅಟ್ಟ ಸೇರುತ್ತದೆ, ಮಗನಿಗಿದ್ದ ಒಂದೇ ಒಂದು ಜಾಣತನವೂ ಅಟ್ಟ ಸೇರುತ್ತದೆ. ಮನಸ್ಸು ಬರಲಿಲ್ಲ. ಬೆಳಿಗ್ಗೆ ಎದ್ದು ಗೌಸ್ ಸಾಬರ ಅಂಗಡಿಗೆ ಮಗನನ್ನು ಕರೆದುಕೊಂಡು ಹೋದಳು.

"ಸಾಬ್ರೆ, ಮನೇಲಿ ಎಷ್ಟು ಸದ್ದಿಗೆ ನುಡಿಸ್ಬೇಕು ಅಂತ ಇವನಿಗೆ ಬಿಡಿಸಿ ಹೇಳಿ. ನನ್ ಕೈಲಾಗಲ್ಲ."

ಸಾಬರು ನಕ್ಕರು. "ಈ ಪೆಟ್ಟಿಗೆ ಹಂಗೇ ಅಮ್ಮ, ಎರಡರ ತನಕ ಮೂಗ, ಮೂರಕ್ಕೆ ಆನೆ. ಎರಡಕ್ಕೂ ಮೂರಕ್ಕೂ ಮಧ್ಯ ಕೂದಲೆಳೆಯಷ್ಟು ಜಾಗ ಐತೆ. ಬೋರೇಶ, ಗುಂಡಿ ನಿಧಾನಕ್ಕೆ ತಿರುಗಿಸ್ತಾ ಹೋಗು. ನಿನ್ನ ಕಿವಿಗೆ ಕೇಳೋವಷ್ಟು ತಿರುಗಿಸು, ಅಲ್ಲಿಗೇ ನಿಲ್ಸು. ಆಯ್ತಾ?"

"ಆಯ್ತು ಸಾಬ್ರೆ!"

ದಾರಿಯುದ್ದಕ್ಕೂ ಸಾಕಮ್ಮ ಮತ್ತೆ ಮತ್ತೆ ಹೇಳಿದಳು. "ಯಜಮಾನ್ರ ಕಿವಿ ಒಳಕ್ಕೆ ಸದ್ದು ಹೋಗಕೂಡ್ದು ಮಗ. ನಿನ್ ಕಿವಿ ಬೇರೆ ಅಲ್ಲ, ಅವರ ಕಿವಿ ಬೇರೆ ಅಲ್ಲ ಅಂತ ತಿಳ್ಕೊಂಡು ನುಡಿಸು!"

ಬೋರೇಶ ಎರಡು ಮಾತನ್ನೂ ಬೆರಳು ಮಡಚಿ ನೆನಪಿಟ್ಟುಕೊಂಡ.

ಸಾಕಮ್ಮ ಬತ್ತಿ ಕಟ್ಟು ಕೊಟ್ಟು ಬರಲು ದೇವಸ್ಥಾನಕ್ಕೆ ಹೋದಳು. ಯಜಮಾನರು ಹೋಳಿಗೆ ಊಟ ಮಾಡಿ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಬೋರೇಶ ಅವ್ವನ ಮೊರದಿಂದ ದಪ್ಪನೆಯ ನಾಲ್ಕು ಹೂಬತ್ತಿ ಆರಿಸಿಕೊಂಡ. ಮೆಲ್ಲಗೆ ಹೋಗಿ ಯಜಮಾನರ ಬಲಗಿವಿಗೊಂದು, ಎಡಗಿವಿಗೊಂದು ತುರುಕಿದ. ಇನ್ನು ಸದ್ದು ಒಳಕ್ಕೆ ಹೋಗಲ್ಲ. ಅವರ ಕಿವಿ ಬೇರೆಯಲ್ಲ, ನನ್ನ ಕಿವಿ ಬೇರೆಯಲ್ಲ ಅಂದಮೇಲೆ? ಉಳಿದೆರಡು ತನ್ನ ಕಿವಿಗೆ!

ಪೆಟ್ಟಿಗೆ ಮನೆಯೊಳಗಿಟ್ಟ, ಕಾಯುವವರೆಗೂ ಕಾದ. ಗುಂಡಿ ನಿಧಾನಕ್ಕೆ ತಿರುಗಿಸಿದ. ಮೂರು, ಕೇಳಿಸಲಿಲ್ಲ. ಐದು, ಕೇಳಿಸಲಿಲ್ಲ. ಏಳು, ಎಲ್ಲೋ ದೂರದಲ್ಲಿ ಏನೋ ಇದೆ ಅನ್ನಿಸಿತು. ಎಂಟಕ್ಕೆ ಸ್ವಲ್ಪ ಕೇಳಿಸಿತು. ಸಾಬರು ಹೇಳಿದ ಹಾಗೆ ಅಲ್ಲಿಗೇ ನಿಲ್ಲಿಸಿ, ಕಣ್ಣು ಮುಚ್ಚಿ, ಅಪ್ಪನ ಹಾಡು ನುಡಿಸತೊಡಗಿದ.

ಜಗಲಿ ನಡುಗಿತು. ಯಜಮಾನರು ಎದ್ದು ಕೂತರು. ನಲ್ಲಿಯಿಂದ ನೀರು ಬೀಳುತ್ತಿತ್ತು, ಸದ್ದಿಲ್ಲ. ಕಾಗೆ ಕೊಕ್ಕು ತೆರೆಯಿತು, ಸದ್ದಿಲ್ಲ. ಗಿರಿಜಾಂಬ ಟೀಚರು ಓಡಿಬಂದು ಕೈ ಬೀಸಿ ಬೀಸಿ ಬಾಯಿ ತೆರೆದರು, ಸದ್ದಿಲ್ಲ. ಏಳು ಮನೆಯವರೂ ಅಂಗಳಕ್ಕೆ ಬಂದು ಬಾಯಿ ತೆರೆದು ನಿಂತರು. ಯಜಮಾನರ ಅಪ್ಪನಿಗೂ ಇದೇ ವಯಸ್ಸಿನಲ್ಲಿ ಕಿವಿ ಹೋಗಿತ್ತು.

"ಅಯ್ಯಯ್ಯೋ! ನನ್ ಕಿವಿ ಹೋಯ್ತು!"

ಎದ್ದು ತತ್ತರಿಸುತ್ತಾ ಸಾಕಮ್ಮನ ಬಾಗಿಲಿಗೆ ಬಂದರು. ಬೋರೇಶ ನುಡಿಸುತ್ತಿದ್ದಾನೆ, ಬೆರಳು ಓಡುತ್ತಿದೆ. ಅವರು ಆ ಪೆಟ್ಟಿಗೆಯ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದರು. ಎಂಥದೋ ಗುಂಯ್ ಅಂದಿತೇ ಹೊರತು ಹಾಡಿಲ್ಲ. ದೊಡ್ಡತಮ್ಮಯ್ಯನವರು ಮಗುವಿನ ಹಾಗೆ ಅತ್ತರು.

ಅಷ್ಟರಲ್ಲಿ ಸಾಕಮ್ಮ ಬಂದಳು. ನೋಡುತ್ತಾಳೆ, ಯಜಮಾನರ ಎರಡು ಕಿವಿಯಲ್ಲೂ ತನ್ನದೇ ಹೂಬತ್ತಿ ನೆಟ್ಟಗೆ ನಿಂತಿವೆ. ಎಣ್ಣೆ ಹಾಕಿ ದೀಪ ಹಚ್ಚುವುದೊಂದು ಬಾಕಿ! ಮುಗೀತು, ಉಳಿದರ್ಧ ಗೀಟೂ ಬಿತ್ತು ಅಂದುಕೊಂಡಳು. ಎರಡೂ ಬತ್ತಿ ಕಿತ್ತು ನೆಲಕ್ಕೆ ಹಾಕಿದಳು.

ಹಾಡು ಒಳಗೆ ನುಗ್ಗಿತು. ನಲ್ಲಿ, ಕಾಗೆ, ಟೀಚರು ಎಲ್ಲಾ ನುಗ್ಗಿದರು. ಯಜಮಾನರು ಬಾಯಿ ಬಿಟ್ಟುಕೊಂಡು ಸುತ್ತ ನೋಡಿದರು.

"ಕೇಳಿಸ್ತೈತೆ! ಸಾಕಮ್ಮ, ನಂಗೆ ಕೇಳಿಸ್ತೈತೆ!"

ಬೈಗುಳ ಯಾರಿಗೆ ನೆನಪಾಗಬೇಕು! ಹೆಗಲ ಮೇಲಿನ ಟವೆಲ್ಲಿನಿಂದ ಗೋಡೆಯ ಎರಡೂವರೆ ಗೀಟನ್ನೂ ತಾವೇ ಒರೆಸಿಹಾಕಿದರು. ಬೋರೇಶನ ಒಂದು ಕಿವಿಯ ಬತ್ತಿ ಕಿತ್ತು, ವಠಾರಕ್ಕೆಲ್ಲಾ ಕೇಳುವ ಹಾಗೆ ಕೂಗಿದರು.

"ನುಡಿಸಪ್ಪ ನನ್ನಪ್ಪ! ನಾನು ಸಾಕು ಅನ್ನೋವರೆಗೂ ನಿಲ್ಲಿಸ್ಬೇಡ!"

ಬೋರೇಶ ತಲೆಯಾಡಿಸಿದ. ಅವರ ಕೈಯಿಂದ ಬತ್ತಿ ಇಸಕೊಂಡು ಜೋಪಾನವಾಗಿ ಮತ್ತೆ ಕಿವಿಗೆ ತುರುಕಿಕೊಂಡ. ನುಡಿಸಿದ.

ಹಾಡು ಒಂದು ಸಲ ಆಯಿತು, ಯಜಮಾನರು ತಲೆದೂಗಿದರು. ಮೂರು ಸಲ ಆಯಿತು, ಕಣ್ಣೊರೆಸಿಕೊಂಡರು. ಏಳು ಸಲ ಆಯಿತು.

"ಸಾಕು ಕಣಪ್ಪ."

ಬೋರೇಶ ನುಡಿಸಿದ.

"ಸಾಕು ಕಣೋ! ಸಾಕು! ಸಾಕು!"

ಬೋರೇಶ ಕಣ್ಣು ಮುಚ್ಚಿ ನುಡಿಸಿದ. ಯಜಮಾನರು ಸ್ವಿಚ್ಚಿಗೆ ಕೈ ಹಾಕಲು ಹೋದರೆ ಸಾಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ನೀವೇ ಅಂದಿದ್ದು ಯಜಮಾನ್ರೆ. ಏಳು ಮನೆಯವರೂ ಕೇಳಿಸ್ಕೊಂಡಿದ್ದಾರೆ. ನನ್ ಮಗ ಹೇಳಿದ ಮಾತು ಮೀರೋನಲ್ಲ."

ಯಜಮಾನರು ಅವಳನ್ನು ನೋಡಿದರು, ಅವನನ್ನು ನೋಡಿದರು, ಒರೆಸಿದ ಗೋಡೆ ನೋಡಿದರು. ತಾವು ಹೇಳಿದ್ದೇನು, ಆಗುತ್ತಿರುವುದೇನು, ಒಂದೂ ತಿಳಿಯಲಿಲ್ಲ. ಕೊನೆಗೆ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಎರಡು ಹೂಬತ್ತಿ ಎತ್ತಿಕೊಂಡರು. ಧೂಳು ಕೊಡವಿ ತಾವೇ ಕಿವಿಗೆ ತುರುಕಿಕೊಂಡು ಹೊಸಿಲ ಮೇಲೆ ಕುಸಿದು ಕೂತರು.

ಆಗ ಬೋರೇಶ ಕಣ್ಣು ತೆರೆದ. ಯಜಮಾನರ ಕಿವಿ ನೋಡಿದ. ಬತ್ತಿ ಎರಡೂ ಸರಿಯಾಗಿ ಕೂತಿವೆ. ಸದ್ದು ಒಳಕ್ಕೆ ಹೋಗುವ ಮಾತೇ ಇಲ್ಲ. ಇನ್ನು ಯಾರಿಗೂ ತೊಂದರೆಯಿಲ್ಲವಲ್ಲ ಅಂತ ಸಮಾಧಾನಪಟ್ಟುಕೊಂಡು, ಗುಂಡಿಯನ್ನು ಹತ್ತಕ್ಕೆ ತಿರುಗಿಸಿದ.