ಭುಜದ ಗೆರೆ

"ಗುರುಗಳೇ, ಒಂದು ದಿನ ಮಾತು ಬಿಡು ಅಂದಿರಿ, ಇನ್ನೊಂದು ದಿನ ಬಾಯಿಬಿಟ್ಟು ಹೇಳು ಅಂದಿರಿ. ಊರು ಬಿಟ್ಟು ಹೊರಡು ಅಂದಿರಿ, ಕೂತಲ್ಲೇ ಕೂರು ಅಂತಲೂ ಅಂದಿರಿ. ಇದರಲ್ಲಿ ಸರಿಯಾದದ್ದು ಯಾವುದು? ಅದೊಂದು ಹೇಳಿಬಿಡಿ, ನಾಳೆಯಿಂದ ಹಾಗೇ ಬದುಕುತ್ತೇನೆ" ಎಂದು ಶಿಷ್ಯ ಕೇಳಿದ. ಹೀಗೆ ಕೇಳುತ್ತಲೇ ಅವನ ಅರ್ಧ ವಯಸ್ಸು ಕಳೆದಿತ್ತು. ಒಂದು ಕೆಲಸವನ್ನೂ ಶುರುಮಾಡಿರಲಿಲ್ಲ.

ಗುರು ಈ ಕತೆ ಹೇಳಿದರು.

ಒಂದು ಅಚ್ಚುಕೂಟದಲ್ಲಿ ಮಕ್ಕಳ ಚಿತ್ರಕತೆಯ ಪುಸ್ತಕಗಳು ತಯಾರಾಗುತ್ತಿದ್ದವು. ಒಬ್ಬ ಚಿತ್ರಗಾರ ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುತ್ತಿದ್ದ. ಪೆನ್ಸಿಲ್ ಗೆರೆ ಅಚ್ಚಿನಲ್ಲಿ ಮೂಡುವುದಿಲ್ಲ. ಅದರ ಮೇಲೆ ಕರಿ ಶಾಯಿಯಲ್ಲಿ ತಿದ್ದಲು ಇನ್ನೊಬ್ಬ ಬೇಕು. ಆ ಕೆಲಸಕ್ಕೆ ಒಬ್ಬ ಹೊಸಬ ಬಂದ. ಊರೂರು ಅಲೆದು, ಎಲ್ಲೂ ನಿಲ್ಲದೆ ಬಂದವನು. ಕೈ ಚೆನ್ನಾಗಿತ್ತು. ಇಲ್ಲಾದರೂ ನಿಲ್ಲಬೇಕೆಂಬ ಆಸೆಯೂ ಇತ್ತು.

ಮೊದಲ ಹಾಳೆ ಮುಂದೆ ಬಂತು. ಕತ್ತಿ ಹಿಡಿದ ಒಬ್ಬ ವೀರ. ಅವನ ಭುಜಕ್ಕೆ ಒಂದು ಗೆರೆಯಲ್ಲ, ಗೆರೆಗಳ ಹಿಂಡೇ ಇತ್ತು. ಅದರಲ್ಲಿ ಒಂದನ್ನೇ ಆರಿಸಿ ಶಾಯಿ ಹಾಕಬೇಕು. ಪೆನ್ಸಿಲ್ಲಾದರೆ ರಬ್ಬರಿಗೆ ಹೋಗುತ್ತದೆ, ಶಾಯಿ ಹೋಗುವುದಿಲ್ಲ. ಹೊಸಬ ಕುಂಚ ಅದ್ದಿದ, ಎತ್ತಿದ. ಅದು ಒಣಗಿತು. ಮತ್ತೆ ಅದ್ದಿದ. ಮಧ್ಯಾಹ್ನವಾಯಿತು. ಸಂಜೆಯೊಳಗೆ ಹಾಳೆ ಕೊಡದಿದ್ದರೆ ನಾಳೆ ಬರಬೇಡ ಎಂದು ಯಜಮಾನ ಹೇಳಿ ಹೋದ.

ಹೊಸಬ ಹಾಳೆ ಹಿಡಿದು ಚಿತ್ರಗಾರನ ಹತ್ತಿರ ಓಡಿದ. "ಅಣ್ಣಾ, ಇಷ್ಟು ಗೆರೆಯಲ್ಲಿ ಸರಿಯಾದದ್ದು ಯಾವುದು? ಬೆರಳಿಟ್ಟು ತೋರಿಸಿಬಿಡಿ."

ಚಿತ್ರಗಾರ ನಕ್ಕ. "ನನಗೇ ಗೊತ್ತಿದ್ದಿದ್ದರೆ ಅದೊಂದನ್ನೇ ಎಳೆದು ಟೀ ಕುಡಿಯೋಕೆ ಹೋಗ್ತಿದ್ದೆ ಕಣಯ್ಯಾ. ಭುಜ ಅಲ್ಲೆಲ್ಲೋ ಇದೆ, ಅಷ್ಟೇ ನಂಗೆ ಗೊತ್ತು."

ಹೊಸಬ ವಾಪಸ್ ಬಂದು ಕೂತ. ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೆ ಕುಂಚ ಎಳೆದ. ನೋಡಿದರೆ ಭುಜ ಒಂದು ಕಡೆ ಜೋತುಬಿದ್ದಿತ್ತು. ಆದರೆ ಭುಜ ಜೋತುಬಿದ್ದವನ ಕತ್ತು ಹೇಗಿರುತ್ತದೆ ಎಂಬುದು ಈಗ ಅವನಿಗೆ ಕಾಣಿಸಿತು. ಕತ್ತಿನ ಗೆರೆ ಆರಿಸಿದ. ಕತ್ತಿನಿಂದ ತೋಳು ಕಾಣಿಸಿತು, ತೋಳಿನಿಂದ ಹಿಡಿದ ಕತ್ತಿ. ಶಾಯಿ ಒಣಗಿದ ಮೇಲೆ ಉಳಿದ ಗೆರೆಗಳನ್ನೆಲ್ಲ ರಬ್ಬರಿನಿಂದ ಉಜ್ಜಿ, ಸಂಜೆಗೆ ಹಾಳೆ ಕೊಟ್ಟ.

ಚಿತ್ರಗಾರ ಅದನ್ನು ಬಹಳ ಹೊತ್ತು ನೋಡಿದ. ಮುಂದಿನ ಹಾಳೆಯಿಂದ ತಾನೇ ವೀರನ ಭುಜ ಇಳಿಸಿ ಬರೆಯತೊಡಗಿದ. ದೂರದಿಂದ ಹೊರೆ ಹೊತ್ತು ಬಂದವನ ನಡಿಗೆ ಆ ವೀರನಿಗೆ ಬಂತು. ಬೀದಿ ಬೀದಿಯ ಮಕ್ಕಳು ಒಂದು ಭುಜ ಇಳಿಸಿಕೊಂಡು ಕಡ್ಡಿಯ ಕತ್ತಿ ಬೀಸಿದರು. ಹೊಸಬ ಆ ಅಚ್ಚುಕೂಟದಲ್ಲೇ ನೆಲೆನಿಂತ. ತಲೆ ನೆರೆತ ಮೇಲೂ ಶಾಯಿ ಹಾಕುತ್ತಲೇ ಇದ್ದ.

ಗುರು ಕತೆ ಮುಗಿಸಿದರು. ಶಿಷ್ಯ ಬಿಡಲಿಲ್ಲ. "ಹಾಗಾದರೆ ಅವನು ಆರಿಸಿದ್ದೇ ಸರಿಯಾದ ಗೆರೆಯೋ? ನೀವು ನನಗೆ ಹೇಳಿದ್ದರಲ್ಲಿ ಸರಿಯಾದದ್ದು ಯಾವುದು ಅಂತ ಇನ್ನೂ ಹೇಳಲಿಲ್ಲವಲ್ಲ?"

ಗುರು ಎಂದರು: "ಇಷ್ಟು ವರ್ಷ ನಾನು ನಿನಗೆ ಹೇಳಿದ್ದೆಲ್ಲ ಪೆನ್ಸಿಲ್ ಗೆರೆ ಕಣಪ್ಪಾ."